ಮಿಷನ್ನಿಗೊಂದು ಮಾಸ್ಕು

ದುರ್ಗದ ಟೈಲ್ಸ್ ಮೇಸ್ತ್ರಿ ಮಹಮ್ಮದ್ ಗೌಸ್‌ಗೆ ಈ ಲೋಕದಲ್ಲಿ ಎರಡರ ಮೇಲೆ ಪ್ರಾಣ: ಕಲ್ಲು ಕೊಯ್ಯುವ ಮಿಷನ್ ಮತ್ತು ಹೆಂಡತಿ ಶಬನಾ. (ಈ ಕ್ರಮವೇ ಸರಿ ಎಂದು ಶಬನಾಳೇ ಹೇಳುತ್ತಾಳೆ.) ಬೆಳಿಗ್ಗೆ ನಲವತ್ತರವನಾಗಿ ಹೋದ ಗಂಡ ಸಂಜೆ ಹುಬ್ಬು, ಮೀಸೆಗೆಲ್ಲ ಗ್ರಾನೈಟ್ ಧೂಳು ಬಳಿದುಕೊಂಡು ಅರವತ್ತರವನಾಗಿ ಬರುತ್ತಿದ್ದ. ಮೂರು ತಿಂಗಳಿಂದ ಕೆಮ್ಮು ಬೇರೆ.

ಹೊಳಲ್ಕೆರೆಯಲ್ಲಿ ಮನೆ ಕಟ್ಟಿಸುತ್ತಿದ್ದ ಅನುಪಮಾ ಮೇಡಂ ಅವನ ಕೆಮ್ಮು ಕೇಳಲಾರದೆ ಒಳ್ಳೆಯ ಮಾಸ್ಕೊಂದನ್ನು ಕೊಟ್ಟರು. ಗೌಸ್ ಅದನ್ನು ಪರಮ ಗೌರವದಿಂದ ಸ್ವೀಕರಿಸಿ ಮಿಷನ್ನಿನ ಗಾಳಿಕಿಂಡಿಗೆ ಬಿಗಿದ.

"ಏನ್ರೀ ಇದು?" ಸಂಜೆ ಮಿಷನ್ ಹೊತ್ತು ಮನೆಗೆ ಬಂದವನನ್ನು ಶಬನಾ ಕೇಳಿದಳು.

"ಮೋಟರೊಳಗೆ ಧೂಳು ಹೋದ್ರೆ ಸುಟ್ಟೋಗ್ತೈತೆ ಕಣೇ."

"ನಿಮ್ಮೆದೆಯೊಳಗೆ ಹೋದ್ರೆ?"

"ಕೆಮ್ಮಿದ್ರೆ ಬರ್ತೈತೆ. ಪಾಪ, ಮಿಷನ್‌ಗೆ ಕೆಮ್ಮಾಕೆ ಬರಲ್ಲ."

ಈ ವೈದ್ಯಶಾಸ್ತ್ರಕ್ಕೆ ತಲೆಬಾಗದ ಶಬನಾ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ನೋಡಿ, "ಕಲ್ಲಿನ ಧೂಳು ಒಳಗೆ ಕುಂತೈತೆ. ಹೋಗಿದ್ದು ವಾಪಸ್ ಬರಲ್ಲ. ಇನ್ನಾದ್ರೂ ನೀರು ಬಿಟ್ಕಂಡು ಕೊಯ್ರಿ, ಮಾಸ್ಕ್ ಹಾಕ್ರಿ" ಎಂದರು.

"ದಿನಾ ಹಾಕ್ತೀನಿ ಮೇಡಂ" ಎಂದ ಗೌಸ್. ಯಾರಿಗೆ ಎಂದು ಹೇಳಲಿಲ್ಲ.

ಶಬನಾಳಿಗೆ ನಗು ಬರಲಿಲ್ಲ, ಭಯವಾಯಿತು. ಇದೇ ಕೆಲಸ ಮಾಡಿದ್ದ ಮಾವ ಐವತ್ತು ದಾಟಿರಲಿಲ್ಲ.

ಆ ಸಂಜೆ ಮನೆ ತುಂಬ ಕೋಳಿಸಾರಿನ ಘಮ. ಗೌಸ್ ಕೈ ತೊಳೆದು ಬಂದು ನೋಡಿದರೆ, ಮುದ್ದೆ ಹಾಕಿದ ತಟ್ಟೆ ಮಿಷನ್ನಿನ ಮುಂದಿದೆ!

"ನನ್ನ ತಟ್ಟೆ ಎಲ್ಲೇ?"

"ಇನ್ನಿಪ್ಪತ್ತು ವರ್ಷ ಬಾಳೋದು ಅದೇ ತಾನೇ? ಅದೇ ಉಣ್ಲಿ ಬಿಡ್ರಿ."

ಗೌಸ್ ಗಹಗಹಿಸಿ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಗೋಡೆ ಹಿಡಿದು ಕುಸಿದು ಕುಳಿತ. ಶಬನಾ ಓಡಿಬಂದು ನೀರು ಕುಡಿಸಿದಳು. ಅವಳ ಕಣ್ಣು ತುಂಬಿತ್ತು, ಆದರೆ ತಟ್ಟೆ ಮಾತ್ರ ಇದ್ದಲ್ಲಿಂದ ಕದಲಲಿಲ್ಲ.

"ಆಯ್ತು ಮಾರಾಯ್ತಿ, ನಾಳೆಯಿಂದ ನಾನೇ ಹಾಕ್ಕಂತೀನಿ" ಎಂದು ಗೌಸ್ ಮಿಷನ್ನಿನ ಮಾಸ್ಕಿಗೆ ಕೈ ಹಾಕಿದ.

"ಆ ಗಲೀಜು ಮುಟ್ಬೇಡ್ರಿ!" ಶಬನಾ ಸೆರಗಿನಿಂದ ಹೊಸ ಮಾಸ್ಕೊಂದನ್ನು ತೆಗೆದು ಅವನ ಮೂಗು ಬಾಯಿಗೆ ಏರಿಸಿ, ಹಿಂದೆ ದಾರವನ್ನು ಎರಡೆರಡು ಗಂಟು ಹಾಕಿ ಬಿಗಿದಳು.

"ಉಣ್ಣೋದು ಹೆಂಗೇ?" ಒಳಗಿನಿಂದ ಕ್ಷೀಣ ಸ್ವರ ಕೇಳಿಬಂತು.

"ಮೊದ್ಲು ಅಭ್ಯಾಸ ಆಗ್ಲಿ" ಎಂದ ಶಬನಾ, ಮಿಷನ್ನಿನ ಮುಂದಿದ್ದ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಕೋಳಿಕಾಲಿಗೆ ಬಾಯಿ ಹಾಕಿದಳು.