ಮೂರು ಬಣ್ಣದ ಬೆರಳು

ಎಲ್ಲಕ್ಕೂ ಕಾರಣ ಒಂದು ತೊಟ್ಟು ಅಂಟು. ಅದನ್ನು ನೆಲಮಾಳಿಗೆಯಲ್ಲಿ ಕೂತು ಸಮಾಧಾನವಾಗಿ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಹೆಂಡತಿ ಎದ್ದು ಬರುವಷ್ಟರಲ್ಲಿ ಮುಗಿಸಿಬಿಡೋಣವೆಂದು ನಾರ್ಬರ್ಟ್ ಹೆನ್ಶೆಲ್ ಅಡುಗೆಮನೆಯ ಮೇಜಿನ ಮೇಲೆಯೇ ಕೆಲಸಕ್ಕೆ ಕೂತ. ಕುಬ್ಜರ ಸೇನಾಪತಿ ಹ್ರಾಕ್‌ನ ಪಾದಗಳು ಪೀಠದಿಂದ ಕಿತ್ತುಬಂದಿದ್ದವು. ಮತ್ತೆ ಕೂರಿಸಲು ಹೋದಾಗ ಪೀಠ ಜಾರಿ ಫ್ರಿಜ್ಜಿನ ಅಡಿಗೆ ಉರುಳಿತು, ಸೇನಾಪತಿ ಮಾತ್ರ ನಾರ್ಬರ್ಟ್‌ನ ಬಲಗೈ ತೋರುಬೆರಳಿನ ತುದಿಯ ಮೇಲೆ ಕೊಡಲಿ ಎತ್ತಿಕೊಂಡು ಭದ್ರವಾಗಿ ನಿಂತುಬಿಟ್ಟ.

ಹ್ರಾಕ್ ಎಂದರೆ ಎರಡು ಅಂಗುಲದ ಪ್ಲಾಸ್ಟಿಕ್ ಗೊಂಬೆ. ಹಾಗೆಂದು ನಾರ್ಬರ್ಟ್‌ನ ಎದುರಿಗೆ ಹೇಳುವಂತಿಲ್ಲ. ಆ ಗಡ್ಡದ ಒಂದೊಂದು ಎಳೆಗೂ ಬೇರೆ ಬೇರೆ ಕೆಂಪು ಹಚ್ಚಲು ಅವನಿಗೆ ಮೂರು ತಿಂಗಳು ಹಿಡಿದಿತ್ತು. ಅದರಲ್ಲಿ ಕಾಲುಭಾಗ ಮುತುವರ್ಜಿ ತೋರಿಸಿದ್ದರೂ ಮನೆಯ ಹಿಂಬಾಗಿಲು ಐದು ವರ್ಷದಿಂದ ಬಣ್ಣವಿಲ್ಲದೆ ಬಿರಿಯುತ್ತಿರಲಿಲ್ಲ ಎಂಬುದು ಹೆಂಡತಿ ಜೋಲೀನಳ ಅಭಿಪ್ರಾಯ.

ಆ ಅಭಿಪ್ರಾಯ ಬೆಳೆದು ಒಪ್ಪಂದವಾಗಿ ಈಗ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿತ್ತು. ನೆಲಮಾಳಿಗೆಯ ತುಂಬ ಪುಟ್ಟ ಸೈನಿಕರನ್ನು ನಿಲ್ಲಿಸಿ ದಾಳ ಉರುಳಿಸಿ ಯುದ್ಧವಾಡುವ ನಾರ್ಬರ್ಟ್‌ನ ಮೇಜು, ಮೇಜಿನ ಸುತ್ತ ಬಣ್ಣವನ್ನೇ ಕಾಣದ ಸೈನಿಕರ ಡಬ್ಬಿಗಳು ಸೂರಿನವರೆಗೆ. ಹನ್ನೆರಡು ವರ್ಷದಿಂದ ಆಡುತ್ತಿದ್ದರೂ ಒಂದು ಬಹುಮಾನವೂ ಬಂದಿರಲಿಲ್ಲ. ಜೋಲೀನಳಿಗೆ ನೆಲಮಾಳಿಗೆ ಬೇಕಿತ್ತು. ಯಾಕೆಂದು ಅವಳು ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಒಪ್ಪಂದ ಹೀಗಿತ್ತು:

"ಒಂದು: ಶನಿವಾರದ ಪಂದ್ಯಾವಳಿಯಿಂದ ನಾರ್ಬರ್ಟ್ ಬಹುಮಾನವನ್ನು ಮನೆಯೊಳಗೆ ತರತಕ್ಕದ್ದು. ಎರಡು: ಇರುವ ಸೈನಿಕರಿಗೆಲ್ಲ ಬಣ್ಣ ಹಚ್ಚಿ ಮುಗಿಯುವವರೆಗೆ ಆಟದ ಯಾವ ಹೊಸ ಡಬ್ಬಿಯೂ, ಅಂಥ ಡಬ್ಬಿಯೊಳಗಿನ ಯಾವ ವಸ್ತುವೂ ಹೊಸಿಲು ದಾಟತಕ್ಕದ್ದಲ್ಲ. ಎರಡರಲ್ಲಿ ಒಂದು ತಪ್ಪಿದರೂ ಅಂದೇ ಸಂಜೆ ಮೇಜು ಹೊರಗೆ."

ಮೊದಲನೆಯದು ಜೋಲೀನಳದು. ಎರಡನೆಯದನ್ನು ನಾರ್ಬರ್ಟ್ ತಾನಾಗಿಯೇ ಸೇರಿಸಿದ್ದ. ಒಂದೇ ಕಲಮಿನ ಒಪ್ಪಂದ ಅವನ ಕಣ್ಣಿಗೆ ಸಾಮಾನಿನ ಚೀಟಿಯ ಹಾಗೆ ಕಂಡಿತ್ತು. ಅವನು ಕೌಂಟಿ ಸರ್ಕಾರದ ತೂಕ ಮತ್ತು ಅಳತೆ ತಪಾಸಕ. ಮಾಂಸದ ಅಂಗಡಿಯ ತಕ್ಕಡಿ ಎಳ್ಳಷ್ಟು ಓಲಿದರೂ ದಂಡದ ಪುಸ್ತಕ ತೆಗೆಯುವ ಮನುಷ್ಯ.

ಇವತ್ತು ಆ ಶನಿವಾರ.

"ನಾರ್ಬರ್ಟ್, ಅದೇನು ಕೈ ಹಿಂದಿಟ್ಕೊಂಡಿದೀಯ?" ಎಂದಳು ಜೋಲೀನ್, ಕಾಫಿಗೆ ನೀರಿಡುತ್ತ.

"ಏನಿಲ್ಲ ಕಣೆ. ಭುಜ ಹಿಡ್ಕೊಂಡಿದೆ."

ಅಷ್ಟರಲ್ಲಿ ಹಿಂಬಾಗಿಲಿನಿಂದ ಪಕ್ಕದ ಮನೆಯ ಆರ್ಲಿಸ್ ಒಳಗೆ ಬಂದಳು. ಎಪ್ಪತ್ತೊಂದು ವರ್ಷದ ವಿಧವೆ, ಆ ಒಪ್ಪಂದಕ್ಕೆ ಸಾಕ್ಷಿ ಸಹಿ ಹಾಕಿದವಳು. ಹಿಂದಿನಿಂದ ಬಂದದ್ದರಿಂದ ಅವಳಿಗೆ ಕಂಡದ್ದೇ ಹ್ರಾಕ್.

"ಅಯ್ಯೋ ಮಾರಾಯಾ, ಬೆರಳ ಮೇಲೆ ಗೊಂಬೆ ನೆಟ್ಕೊಂಡಿದೀಯಲ್ಲೋ," ಎಂದಳು. "ಜೋಲೀನ್, ಉಗುರುಬಣ್ಣ ತೆಗೆಯೋ ಔಷಧಿ ಇದೆಯಾ? ಎರಡು ನಿಮಿಷದಲ್ಲಿ ಬಿಡುತ್ತೆ."

"ಬೇಡ," ಎಂದ ನಾರ್ಬರ್ಟ್, ಎರಡು ಹೆಜ್ಜೆ ಹಿಂದೆ ಸರಿದು. "ಅದು ಹಾಕಿದ್ರೆ ಪ್ಲಾಸ್ಟಿಕ್ ಕರಗುತ್ತೆ."

"ನಿಂಗೆ ಬೆರಳು ಬೇಕೋ, ಗೊಂಬೆ ಬೇಕೋ?"

ನಾರ್ಬರ್ಟ್ ಉತ್ತರ ಹೇಳಲು ತಡಮಾಡಿದ. ಆ ತಡವೇ ಜೋಲೀನಳಿಗೆ ಸಾಕಾಯಿತು.

"ಬಿಡು ಆರ್ಲಿಸ್. ಇಪ್ಪತ್ತಾರು ವರ್ಷದಿಂದ ನೋಡ್ತಿದೀನಿ. ಸಂಜೆ ಬರ್ತಾನಲ್ಲ, ಆಗ ನೋಡೋಣ."

"ಐವತ್ತೈದು ವರ್ಷದ ಗಂಡಸು ಗೊಂಬೆ ಆಡೋದು ಅಂದ್ರೆ," ಎಂದು ಆರ್ಲಿಸ್ ಕುರ್ಚಿ ಎಳೆದುಕೊಂಡು ಕೂತು, ಫೋನು ತೆಗೆದು, ಹಣ್ಣು ಹೊಂದಿಸುವ ಆಟದ ನಾಲ್ಕು ಸಾವಿರದ ಮುನ್ನೂರ ಹನ್ನೊಂದನೆಯ ಹಂತಕ್ಕೆ ಕೈಹಾಕಿದಳು.

ಕಾರಿನ ಸ್ಟೀರಿಂಗ್ ಹಿಡಿದರೂ ಆ ಬೆರಳು ಮಡಿಸುವಂತಿರಲಿಲ್ಲ. ಎದುರಿನಿಂದ ಬಂದವರೆಲ್ಲ ನಾರ್ಬರ್ಟ್ ಬೆರಳೆತ್ತಿ ಮಾತಾಡಿಸಿದನೆಂದು ತಾವೂ ಬೆರಳೆತ್ತಿದರು. ನಾಲ್ಕು ರಸ್ತೆ ಸೇರುವಲ್ಲಿ ಎಲ್ಲರೂ ನಿಂತು ದಾರಿಬಿಟ್ಟು ಹೋಗುವುದು ಅವರ ಊರು ಶೆಬಾಯ್ಗನ್ನಿನ ಪದ್ಧತಿ. ಅಲ್ಲಿ ಇವನ ಬೆರಳು ಕಂಡವರೆಲ್ಲ ತಮಗೆ ದಾರಿ ಸಿಕ್ಕಿತೆಂದು ಒಬ್ಬರ ಹಿಂದೊಬ್ಬರು ಹೊರಟರು. ಹನ್ನೊಂದು ಕಾರು ಹೋದ ಮೇಲೆ ಇವನಿಗೆ ಸರದಿ ಬಂತು.

ಪಂದ್ಯಾವಳಿ ನಡೆಯುತ್ತಿದ್ದದ್ದು ಟೌ ಶಿಯಾಂಗ್‌ನ ಆಟದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಟೌ ಅಂಗಡಿಯ ಯಜಮಾನನೂ ಹೌದು, ಪಂದ್ಯದ ತೀರ್ಪುಗಾರನೂ ಹೌದು. ಯಾರ ಮನಸ್ಸೂ ನೋಯಬಾರದೆಂದು ಬಯಸುವ ಸಾಧು ಮನುಷ್ಯ, ಹಾಗಾಗಿ ಅವನಿಗೆ ರಕ್ತದೊತ್ತಡವಿತ್ತು. ಬಾಗಿಲಲ್ಲೇ ನಿಂತಿದ್ದವನು ಡ್ವೇನ್ ಬೋಸ್, ಶಾಲಾ ಬಸ್ಸಿನ ಚಾಲಕ. ಹೋದ ವರ್ಷ ಅವನ ಒಬ್ಬ ಬಿಲ್ಲುಗಾರನ ಪೀಠದ ಅಂಚಿಗೆ ಬಣ್ಣ ಬಿಟ್ಟುಹೋಗಿದೆಯೆಂದು ನಾರ್ಬರ್ಟ್ ಭೂತಗನ್ನಡಿ ಹಿಡಿದು ತೋರಿಸಿ, ಅವನ ಇಡೀ ಸೇನೆಯನ್ನು ಆಟದಿಂದ ಹೊರಹಾಕಿಸಿದ್ದ. ಡ್ವೇನ್ ಒಂದು ವರ್ಷದಿಂದ ಈ ದಿನಕ್ಕಾಗಿಯೇ ಕಾದಿದ್ದ.

"ಬಾ ಗುರುವೇ," ಎಂದ ಡ್ವೇನ್, ಬೆರಳನ್ನೂ ಹ್ರಾಕ್‌ನನ್ನೂ ನೋಡಿ. ಅವನ ಮುಖ ನಿಧಾನವಾಗಿ ಅರಳಿತು. "ಟೌ, ನಿಯಮದ ಪುಸ್ತಕ ತಗೊಂಡ್ಬಾ ಸ್ವಲ್ಪ. ನಾಲ್ಕನೇ ನಿಯಮ ಓದು."

ಟೌ ಓದಿದ. "ಮೇಜಿನ ಮೇಲಿಡುವ ಪ್ರತಿ ಸೈನಿಕನ ಮಾದರಿಗೂ ಕನಿಷ್ಠ ಮೂರು ಬಣ್ಣ ಹಚ್ಚಿರಬೇಕು. ಮಾದರಿಗೆ ಅಂಟಿಸಿದ ಪ್ರತಿಯೊಂದು ವಸ್ತುವೂ ಮಾದರಿಯ ಭಾಗವೇ."

"ಇದನ್ನ ಬರೆದೋರು ಯಾರು?"

ಟೌ ತಲೆ ತಗ್ಗಿಸಿದ. ಬರೆದವನು ನಾರ್ಬರ್ಟ್.

"ಲೇ ಡ್ವೇನ್, ಇದು ನನ್ನ ಮೈ ಕಣಯ್ಯಾ," ಎಂದ ನಾರ್ಬರ್ಟ್.

"ಅಂಟಿದೆಯೋ ಇಲ್ವೋ?"

"ಅಂಟಿದೆ."

"ಹಾಗಾದ್ರೆ ಮಾದರಿ. ನೀನೇ ಹೇಳ್ತಿದ್ಯಲ್ಲ, ಬರೆದದ್ದು ಬರೆದದ್ದೇ ಅಂತ. ಬಣ್ಣ ಎಲ್ಲಿವರೆಗೆ ಹಚ್ಬೇಕು ಅನ್ನೋದೊಂದೇ ಪ್ರಶ್ನೆ. ಬೆರಳು ಕೈಗೆ ಅಂಟಿದೆ, ಕೈ ತೋಳಿಗೆ ಅಂಟಿದೆ..."

ಕೋಣೆಯಲ್ಲಿದ್ದ ಹದಿನಾರು ಜನ ತಮ್ಮ ಸೇನೆಗಳನ್ನು ಬಿಟ್ಟು ಸುತ್ತ ನೆರೆದರು. ಭುಜದವರೆಗೆ ಎಂದವರು ಕೆಲವರು, ಇಡೀ ನಾರ್ಬರ್ಟ್ ಎಂದವರು ಇಬ್ಬರು. ಅರ್ಧ ಗಂಟೆ ವಾದವಾದ ಮೇಲೆ ಟೌ ಮಾತ್ರೆ ನುಂಗಿ, ಮಣಿಕಟ್ಟಿನವರೆಗೆ ಸಾಕು ಎಂದು ತೀರ್ಪಿತ್ತ. ನಾರ್ಬರ್ಟ್ ಮೂಲೆಯಲ್ಲಿ ಕೂತು ಎಡಗೈಯಲ್ಲಿ ಕುಂಚ ಹಿಡಿದು ಬಲಗೈಗೆ ಬೂದು, ಕಂದು, ಹಸಿರು ಹಚ್ಚಿಕೊಂಡ. ಕಣ್ಣಲ್ಲಿ ನೀರು ಬರುವಷ್ಟು ಅವಮಾನವಾಗಿತ್ತು. ಆದರೂ ಅಭ್ಯಾಸ ಬಿಡಲಿಲ್ಲ. ಬೆರಳಿನ ಗೆಣ್ಣುಗಳ ನೆರಿಗೆಯಲ್ಲಿ ನೆರಳು ಎಳೆದು, ಉಗುರಿನ ಬುಡಕ್ಕೆ ಪಾಚಿ ಕೂರಿಸಿದ.

ಮೊದಲ ಯುದ್ಧ ಡ್ವೇನ್‌ನ ಜೊತೆಗೇ ಬಿತ್ತು. ನಾರ್ಬರ್ಟ್ ಮುಷ್ಟಿಯನ್ನು ಮೇಜಿನ ಮೇಲಿಟ್ಟು ಬೆರಳೆತ್ತಿ ಹ್ರಾಕ್‌ನನ್ನು ಗುಡ್ಡದ ಹಿಂದೆ ಅಡಗಿಸಿದ.

"ಎಲ್ಲಿ ಅಡಗಿದಾನೆ?" ಎಂದ ಡ್ವೇನ್. "ಗುಡ್ಡ ಮೂರು ಅಂಗುಲ. ನಿನ್ನ ಸೇನಾಪತಿ ಹತ್ತಿರಹತ್ತಿರ ಒಂದಡಿ ಎತ್ತರದಲ್ಲಿದಾನೆ. ನನ್ನ ನಲವತ್ತು ಬಿಲ್ಲುಗಾರರಿಗೂ ಕಾಣ್ತಿದಾನೆ."

ನಲವತ್ತು ದಾಳಗಳು ಉರುಳಿದವು. ಹ್ರಾಕ್ ಮೊದಲ ಸುತ್ತಿನಲ್ಲೇ ಸತ್ತ. ಸತ್ತವರನ್ನು ಮೇಜಿನಿಂದ ತೆಗೆಯಬೇಕೆಂಬುದು ಹನ್ನೊಂದನೆಯ ನಿಯಮ. ಅದರಂತೆ ನಾರ್ಬರ್ಟ್ ಬಲಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ಅಳತೆಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಲ್ಲಿ ದಾಳ ಹಾಕುತ್ತ ಉಳಿದ ಯುದ್ಧ ನಡೆಸಿದ. ಮುಂದಿನ ಎರಡು ಯುದ್ಧಗಳೂ ಹಾಗೇ ಆದವು. ಮಧ್ಯಾಹ್ನ ಊಟಕ್ಕೆ ಬ್ರಾಟ್ ಸಾಸೇಜು ತಿನ್ನುವಾಗ ಸಾಸಿವೆ ಗೊಜ್ಜು ಅಂಗಿಯ ಮೇಲೆ ಬಿತ್ತು. ಸಂಜೆ ನಾಲ್ಕಕ್ಕೆ ಫಲಿತಾಂಶ ಬರೆದಾಗ ಹದಿನೇಳು ಜನರಲ್ಲಿ ಅವನು ಹದಿನೇಳನೆಯವನಾಗಿದ್ದ.

ಮೇಜು ಹೋಯಿತು. ಅದರ ಕಾಲುಗಳನ್ನು ತಾನೇ ಕೆತ್ತಿದ್ದು, ಅದರ ಮೇಲಿನ ನದಿಗೆ ಏಳು ಪದರ ಮೆರುಗು ಬಳಿದದ್ದು ನಾರ್ಬರ್ಟ್‌ಗೆ ನೆನಪಾಯಿತು. ತನ್ನ ಸೇನೆಯನ್ನು ಒಂದೇ ಕೈಯಲ್ಲಿ ಪೆಟ್ಟಿಗೆಗೆ ತುಂಬತೊಡಗಿದ.

"ಇನ್ನೊಂದು ಬಾಕಿ ಇದೆ," ಎಂದು ಟೌ ಕೂಗಿದ. "ಅತ್ಯುತ್ತಮ ಕೈಕೆಲಸ. ಆಟಗಾರರೆಲ್ಲ ಮತ ಹಾಕಿದಾರೆ. ಚರ್ಮ, ಗೆಣ್ಣು, ಪಾಚಿ, ಎಲ್ಲಾ ಇಷ್ಟು ಜೀವಂತವಾಗಿರೋ ಕಲ್ಲುಕಂಬವನ್ನ ಈ ಅಂಗಡೀಲಿ ಯಾರೂ ನೋಡಿಲ್ಲ. ಕಂಬದ ಮೇಲಿನ ಹ್ರಾಕ್. ನಾರ್ಬರ್ಟ್ ಹೆನ್ಶೆಲ್."

ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಡ್ವೇನ್ ಎಲ್ಲರಿಗಿಂತ ಜೋರಾಗಿ ಹೊಡೆದ. ಹನ್ನೆರಡು ವರ್ಷದ ಮೇಲೆ ಮೊದಲ ಬಹುಮಾನ. ನಾರ್ಬರ್ಟ್ ಅತ್ತೇಬಿಟ್ಟ. ಕೈಗೆ ಸಿಕ್ಕವರನ್ನೆಲ್ಲ ತಬ್ಬಿಕೊಂಡ, ಮೂವರ ಅಂಗಿಗೆ ಹಸಿರು ಬಣ್ಣ ಮೆತ್ತಿದ. ಬಹುಮಾನ ತುಂಬ ಭಾರವಿದ್ದುದರಿಂದ ಡ್ವೇನ್ ತಾನೇ ಹೊತ್ತು ತಂದು ಕಾರಿನ ಹಿಂದಿನ ಸೀಟಿನಲ್ಲಿಟ್ಟ.

ದಾರಿಯುದ್ದಕ್ಕೂ ನಾರ್ಬರ್ಟ್ ಸಿಳ್ಳೆ ಹಾಕಿದ. ಮನೆಯ ಮುಂದೆ ಕಾರು ನಿಲ್ಲಿಸಿ, ಹಿಂದೆ ತಿರುಗಿ ಬಹುಮಾನವನ್ನು ಸರಿಯಾಗಿ ನೋಡಿದಾಗ ಸಿಳ್ಳೆ ನಿಂತಿತು. ಅದು ಒಂದು ಡಬ್ಬಿ. ಮುಚ್ಚಳದ ಮೇಲೆ ಬೆಂಕಿಯುಗುಳುವ ಮೃಗ, ಒಳಗೆ ಬಣ್ಣ ಹಚ್ಚದ ನೂರಹನ್ನೆರಡು ಹೊಸ ಸೈನಿಕರು. ಡಬ್ಬಿಯನ್ನು ಕಸಕ್ಕೆ ಹಾಕಿ ಸೈನಿಕರನ್ನು ಚೀಲದಲ್ಲಿ ಸುರಿದುಕೊಂಡು ಹೋಗೋಣವೆನಿಸಿತು. ಆಗ ತನ್ನದೇ ಅಕ್ಷರಗಳು ಕಣ್ಮುಂದೆ ಬಂದವು: ಡಬ್ಬಿಯೊಳಗಿನ ಯಾವ ವಸ್ತುವೂ.

ಜೋಲೀನ್ ಬಾಗಿಲಲ್ಲಿದ್ದಳು, ಕೈಯಲ್ಲಿ ಒಪ್ಪಂದದ ಹಾಳೆ. ಪಕ್ಕದಲ್ಲಿ ಸಾಕ್ಷಿ.

"ಗೆದ್ದೆ ಕಣೆ," ಎಂದ ನಾರ್ಬರ್ಟ್, ಹೊಸಿಲಿನ ಈಚೆ ಡಬ್ಬಿ ಹಿಡಿದು ನಿಂತು.

"ತುಂಬಾ ಸಂತೋಷ. ಒಳಗೆ ತಾ."

"ತಂದ್ರೆ..."

"ತಂದ್ರೆ ಎರಡನೇದು ತಪ್ಪುತ್ತೆ. ತರದಿದ್ರೆ ಒಂದನೇದು ತಪ್ಪುತ್ತೆ. ನಿಧಾನವಾಗಿ ಯೋಚನೆ ಮಾಡು, ಅವಸರ ಇಲ್ಲ."

"ಜೋಲೀನ್, ಬಹುಮಾನ ಅಂದ್ರೆ ಬೇರೆ ಅಲ್ವೇನೆ? ನಿಯಮದ ಹಿಂದಿನ ಉದ್ದೇಶ ಅಂತ ಒಂದಿರುತ್ತಲ್ಲ."

"ಉದ್ದೇಶ ನೋಡ್ಬಾರದು, ಬರೆದದ್ದು ಬರೆದದ್ದೇ ಅಂತ ಇಪ್ಪತ್ತಾರು ವರ್ಷ ನನಗೆ ಪಾಠ ಹೇಳಿದೋರು ಯಾರಪ್ಪ?"

"ನೀನೇ ಕಣೋ," ಎಂದಳು ಆರ್ಲಿಸ್, ಫೋನಿನಿಂದ ತಲೆಯೆತ್ತದೆ.

ಜೋಲೀನ್ ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ಬೆರಳಿನ ತುದಿಯನ್ನು ಮಾತ್ರ ಉಗುರುಬಣ್ಣ ತೆಗೆಯುವ ಔಷಧಿಯಲ್ಲಿ ಅದ್ದಿದಳು. ಹ್ರಾಕ್ ಮೊದಲು ಗಡ್ಡ, ಆಮೇಲೆ ಕೊಡಲಿ, ಆಮೇಲೆ ತಾನೂ ಕರಗಿ ಅಂಟಂಟು ಮುದ್ದೆಯಾದ. ನಾರ್ಬರ್ಟ್ ಮುಖ ಆಚೆ ತಿರುಗಿಸಿದ. ಅವಳು ಅವನ ಬೆನ್ನು ನೇವರಿಸಿದಳು. ಪಾಪ ಅನಿಸಿದ್ದು ನಿಜ, ಆದರೆ ಮೇಜಿನ ವಿಷಯದಲ್ಲಿ ಏನೂ ಬದಲಾಗಲಿಲ್ಲ.

ಮೇಜು ಹೊರಗೆ ಬಂದ ಕೂಡಲೇ ಆರ್ಲಿಸಳ ಗರಾಜಿನ ಬಾಗಿಲು ತೆರೆಯಿತು. ಒಳಗೆ ಹಳೆಯ ಕಂಬಳಿ ಹೊದ್ದು ನಾಲ್ಕು ಕಾಲಿನ ಯಾವುದೋ ಒಂದು ನಿಂತಿತ್ತು. ಜೋಲೀನ್ ಕಂಬಳಿ ಎಳೆದಳು. ಬಣ್ಣಬಣ್ಣದ ದೀಪಗಳ, ಗಾಜಿನ ಮೇಲ್ಮೈಯ, ಉಕ್ಕಿನ ಚೆಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರ.

"ಮೂಲೆಯ ಬಾರ್ ಮುಚ್ಚಿದಾಗ ತಂದದ್ದು," ಎಂದಳು. "ಎರಡು ತಿಂಗಳಿಂದ ಇಲ್ಲೇ ಇತ್ತು. ಈ ಕಡೆ ಹಿಡ್ಕೋ, ಕೆಳಗಿಳಿಸೋಣ."

"ನಿಲ್ಲು," ಎಂದ ನಾರ್ಬರ್ಟ್. ಅವನಿಗೆ ಜೀವ ಬಂದಿತ್ತು. "ಹೊಸ ಆಟ ಹೊಸಿಲು ದಾಟೋ ಹಾಗಿಲ್ಲ."

"ಹೊಸ ಆಟ ಅಂತ ಎಲ್ಲಿದೆ? ಆಟದ ಹೊಸ ಡಬ್ಬಿ ಅಂತಿದೆ. ಇದು ನಲವತ್ತೇಳು ವರ್ಷದ ಹಳೇದು. ಡಬ್ಬಿ ಯಾವಾಗಲೋ ಹೋಯ್ತು, ಬರೀ ಕಾಲಿದೆ."

ನಾರ್ಬರ್ಟ್ ಹಾಳೆಯನ್ನು ಇಸಿದುಕೊಂಡು ಎರಡು ಸಲ ಓದಿದ. ಆಮೇಲೆ ಯಂತ್ರದ ಭಾರದ ಬದಿಯನ್ನು ಹಿಡಿದುಕೊಂಡು ಹಿಮ್ಮುಖವಾಗಿ ಮೆಟ್ಟಿಲು ಇಳಿದ.

ಅವನ ಬಹುಮಾನದ ಡಬ್ಬಿ ಆರ್ಲಿಸಳ ಗರಾಜಿನಲ್ಲಿ ಖಾಲಿಯಾದ ಜಾಗಕ್ಕೆ ಹೋಯಿತು. ನೆಲಮಾಳಿಗೆಯಲ್ಲಿ ದೀಪಗಳು ಹೊತ್ತಿಕೊಂಡವು. ಜೋಲೀನ್ ಮೊದಲ ಚೆಂಡು ಹೊಡೆದಳು, ಅವಳ ಹಿಂದೆ ಆರ್ಲಿಸ್ ಸರದಿಗೆ ನಿಂತಳು, ಆರ್ಲಿಸಳ ಹಿಂದೆ ನಾರ್ಬರ್ಟ್. ಅವನ ಸರದಿ ಬಂದಾಗ ಜೋಲೀನ್ ಗೋಡೆಯ ಕಡೆ ಕೈತೋರಿಸಿದಳು. ಅಲ್ಲಿ ಅವಳ ಮುದ್ದಾದ ಅಕ್ಷರದಲ್ಲಿ ಹೊಸದೊಂದು ಹಾಳೆ ಅಂಟಿತ್ತು: ಬಣ್ಣ ಹತ್ತಿದ ಕೈ, ಆ ಕೈಯ ಯಾವ ಬೆರಳೂ, ಆ ಕೈಯ ಜೊತೆಗಿರುವ ಇನ್ನೊಂದು ಕೈಯೂ, ಯಂತ್ರವನ್ನು ಮುಟ್ಟತಕ್ಕದ್ದಲ್ಲ.

ನಾರ್ಬರ್ಟ್ ಬೂದು, ಕಂದು, ಹಸಿರು ಬಣ್ಣದ ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತ ಎಲ್ಲಾದರೂ ಒಂದು ಸಂದಿ ಸಿಕ್ಕೀತೇನೋ ಎಂದು ಪದಪದವಾಗಿ ಓದಿದ. ಇಷ್ಟು ಚೆನ್ನಾಗಿ ಬರೆದ ನಿಯಮವನ್ನು ಅವನು ತನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.