ದೋಣಿ ಎಳೆಯಲಿಕ್ಕೊಂದು ಟ್ರೇಲರ್

ಕೆಲವರ ಮನೆಗೆ ನೆಂಟರು ಬರುತ್ತಲೇ ಇರುತ್ತಾರೆ. ಕೆಲವರ ಮನೆಗೆ ಹಾವು. ಕಾರಿನ ಹಿಂದೆ ಕಬ್ಬಿಣದ ಗುಂಡು ಇರುವವರ ಬಳಿಗೆ ಸಲಹೆ ಕೊಡುವವರು ಬರುತ್ತಾರೆ. ಹನ್ನೊಂದು ತಿಂಗಳಲ್ಲಿ ನನಗೆ ಸಿಕ್ಕಿದ ಸಲಹೆಗಳಲ್ಲಿ ಬರೆದಿಡಬಹುದಾದಷ್ಟನ್ನು ಇಲ್ಲಿ ಬರೆದಿದ್ದೇನೆ. ನಾನು ಗಣಿತದ ಟೀಚರ್. ಇದ್ದದ್ದಕ್ಕೆ ಇನ್ನೊಂದು ಸೇರಿಸಿ ಹೇಳುವ ಅಭ್ಯಾಸವಿಲ್ಲ.

ಗುಂಡು

ಗುಂಡನ್ನು ಹಾಕಿಸಿದ್ದು ನನ್ನ ಯಜಮಾನರು. ಕಡಲಿಗೆ ಹೋಗುವ ಮೊಗವೀರ ಮನೆತನದವರಾದರೂ ಅವರು ವಿಮಾ ಕಚೇರಿಯಲ್ಲಿ ಕೂತು ಕೆಲಸ ಮಾಡಿದರು. ಭಾನುವಾರ ಮಾತ್ರ ತಮ್ಮ ಸಣ್ಣ ದೋಣಿಯಲ್ಲಿ ನದಿಗೆ ಇಳಿದು ಗಾಳ ಹಾಕುತ್ತಿದ್ದರು. ನಾನು ಏಳುವಾಗ ಹಾಸಿಗೆ ಖಾಲಿ ಇರುತ್ತಿತ್ತು. ಹೇಳಿ ಹೋಗುವ ಅಭ್ಯಾಸ ಅವರಿಗಿರಲಿಲ್ಲ.

ದೋಣಿ ನದಿಯ ಬದಿಯಲ್ಲಿ ಒಬ್ಬ ಸ್ನೇಹಿತರ ಜಾಗದಲ್ಲಿ ಇರುತ್ತಿತ್ತು. ಅವರು ಜಾಗ ಮಾರಿದ ಮೇಲೆ ಅದು ಉರ್ವದ ನಮ್ಮ ಅಂಗಳಕ್ಕೆ ಬಂತು. ಇನ್ನು ವಾರ ವಾರ ಕಾರಿಗೆ ಕಟ್ಟಿ ಎಳೆದುಕೊಂಡು ಹೋಗುವುದು ಎಂದು ನಿಶ್ಚಯಿಸಿ, ಟ್ರೇಲರ್ ಸಿಕ್ಕಿಸುವ ಗುಂಡನ್ನು ಮೊದಲು ಹಾಕಿಸಿದರು. ಟ್ರೇಲರ್ ಆಮೇಲೆ ನೋಡುವ ಎಂದರು. ಹನ್ನೆರಡನೆಯ ದಿನ, ಬುಧವಾರ ಮಧ್ಯಾಹ್ನ, ಕಚೇರಿಯಲ್ಲಿ ಬುತ್ತಿಯ ಮುಚ್ಚಳ ತೆರೆದವರು ಹಾಗೆಯೇ ಹೋದರು. ಆಗಲೂ ಹೇಳಲಿಲ್ಲ.

ಉಳಿದದ್ದು ದೋಣಿ ಮತ್ತು ಗುಂಡು. ದೋಣಿಯಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡತೊಡಗಿತು. ಗುಂಡು ನನ್ನ ಮೊಣಕಾಲಿನ ಕೆಳಗೆ ವಾರಕ್ಕೆರಡು ಸಲ ಬಡಿಯತೊಡಗಿತು.

ಅವರ ಅಣ್ಣ, ನನ್ನ ಭಾವ, ಮೀನಿನ ವ್ಯಾಪಾರಿ. ಒಂದು ದಿನ ಬಂದು ದೋಣಿಗೆ ಒಂದು ಸುತ್ತು ಹಾಕಿ ಹೇಳಿದರು, "ಟೀಚರೇ, ಒಂದು ಹೋಟೆಲಿನವರು ಇದನ್ನು ಕೇಳಿದ್ದಾರೆ. ಊಟದ ಹಾಲ್‌ನಲ್ಲಿ ಇಡಲಿಕ್ಕೆ. ಒಳಗೆ ಐಸ್ ಹಾಕಿ, ಮೇಲೆ ಸಲಾಡ್ ಜೋಡಿಸ್ತಾರಂತೆ."

"ನಿಮ್ಮ ತಮ್ಮನ ದೋಣಿಯಲ್ಲಿ ಸೌತೆಕಾಯಿ ಇಡುವುದು ಬೇಡ."

"ಮತ್ತೆ ಕೋಳಿಮೊಟ್ಟೆ ಇಡಬಹುದಾ? ನೀರು ಕಾಣದ ದೋಣಿ ಮನೆಗೆ ಒಳ್ಳೆಯದಲ್ಲ. ಅವನ ವರ್ಷಾಂತದ ತಿಥಿಯ ಒಳಗೆ ನೀರಿಗೆ ಇಳಿಸಿದರೆ ದೋಣಿ ನಿನ್ನದು. ಇಲ್ಲದಿದ್ದರೆ ಹೋಟೆಲಿಗೆ."

"ಆಯಿತು" ಎಂದೆ.

"ಅಲ್ಲ, ನಿನಗೆ ಈಜು ಬರ್ತದಾ?"

"ಸಲಾಡಿಗೂ ಬರುವುದಿಲ್ಲ" ಎಂದೆ.

ಟೆಂಪೋ

ಮಂಗಳೂರಿನಲ್ಲಿ ಟ್ರೇಲರ್ ಬೇಕೆಂದು ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಟೆಂಪೋ ಬೇಕೆಂದು ಕೇಳಿಸುತ್ತದೆ. ಸ್ಟಾಫ್ ರೂಮಿನಲ್ಲಿ ನಾವು ಒಂಬತ್ತು ಮಂದಿ. ನಾನು ವಿಷಯ ಎತ್ತಿದ ದಿನ ಉಳಿದ ಎಂಟು ಮಂದಿಗೂ ಟೆಂಪೋ ಇರುವ ಒಬ್ಬೊಬ್ಬ ಸಂಬಂಧಿಕರಿದ್ದಾರೆಂದು ತಿಳಿಯಿತು.

"ನಮ್ಮ ಮಾವನ ಟೆಂಪೋ ಉಂಟು. ಒಂದು ಫೋನ್ ಮಾಡಿದರೆ ಸಾಕು" ಎಂದರು ಹಿಂದಿ ಟೀಚರ್.

"ನನಗೆ ಪ್ರತಿ ಭಾನುವಾರ ಬೇಕು."

"ಪ್ರತಿ ಭಾನುವಾರ ಮಾಡಿ."

"ನಮ್ಮವರು ಗುಂಡು ಹಾಕಿಸಿದ್ದು ಕಾರಿಗೆ."

ಎಂಟು ಮಂದಿಯೂ ತಮ್ಮ ತಮ್ಮ ಪುಸ್ತಕ ತೆರೆದರು. ನನ್ನೆದುರು ಈಗೀಗ ಜನ ಹೀಗೆ ಸುಮ್ಮನಾಗುತ್ತಾರೆ. ನನಗೆ ಅದು ಇಷ್ಟವಿಲ್ಲ, ಆದರೆ ಏನು ಮಾಡಬೇಕೆಂದು ಗೊತ್ತಿಲ್ಲ. ಕೊನೆಗೆ ನಮ್ಮ ಡ್ರಿಲ್ ಮಾಸ್ಟರು ಮೆಲ್ಲಗೆ, ತುಂಬ ಗೌರವದಿಂದ ಹೇಳಿದರು:

"ಟೆಂಪೋಗೂ ಗುಂಡು ಹಾಕಿಸಬಹುದು ಟೀಚರ್."

ದೊಡ್ಡದು

ಬಜಪೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರ, ಒಂದು ಹಳೆಯ ಟ್ರೇಲರ್ ಉಂಟೆಂದು ಗೊತ್ತಾಯಿತು. ಮದುವೆಗಳಿಗೆ ಶಾಮಿಯಾನ, ಕುರ್ಚಿ ಒದಗಿಸುವವರದ್ದು. ಅವರು ಅದನ್ನು ಜೀಪಿಗೆ ಕಟ್ಟುತ್ತಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಅಳತೆ ಟೇಪು, ಪೆನ್ಸಿಲು, ನೋಟ್‌ಬುಕ್ಕು ಹಿಡಿದುಕೊಂಡು ಹೋದೆ.

ಟ್ರೇಲರಿನ ಉದ್ದ ಹದಿನಾಲ್ಕು ಅಡಿ. ನನ್ನ ಕಾರು ಹನ್ನೊಂದೂವರೆ. ಬರೆದುಕೊಂಡೆ.

ಮಾಲಕರು ನನ್ನ ಕಾರನ್ನು ನೋಡಿದರು. ಟ್ರೇಲರನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆಯುವಾಗ ತಲೆಯ ಮೇಲೆ ವಿಮಾನ ಇಳಿಯಿತು. ಬಜಪೆಯವರು ವಿಮಾನ ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಾರೆ. ಅವರೂ ಕಾದರು.

"ನೋಡಿ, ಗುಡ್ಡ ಹತ್ತುವಾಗ ನಿಮ್ಮ ಕಾರು ಇದನ್ನು ಎಳೆಯುವುದಿಲ್ಲ. ಇಳಿಯುವಾಗ ಇದು ನಿಮ್ಮ ಕಾರನ್ನು ಬಿಡುವುದಿಲ್ಲ. ದೂಡಿಕೊಂಡೇ ಹೋಗ್ತದೆ."

"ಹಾಗಾದರೆ ಇದು ಆಗುವುದಿಲ್ಲ."

ವ್ಯಾಪಾರ ಕೈತಪ್ಪಲು ಬಿಡುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ. ಇನ್ನೊಮ್ಮೆ ಕಾರಿನ ಸುತ್ತ ನಡೆದು ಬಂದರು.

"ಆಗದೆ ಎಂತ? ಕಾರನ್ನು ಇದರ ಮೇಲೆ ಹಾಕಿಕೊಂಡು ಹೋಗಬಹುದು."

ಸಣ್ಣದು

ಎರಡನೆಯದು ಉರ್ವ ಮಾರ್ಕೆಟಿನ ಹತ್ತಿರವೇ ಸಿಕ್ಕಿತು. ಸ್ಕೂಟರಿನ ಹಿಂದೆ ಕಟ್ಟಿ ಎಳನೀರು ಸಾಗಿಸಲು ಮಾಡಿಸಿದ್ದು. ಅಳತೆ ಮೂರು ಅಡಿಗೆ ಎರಡೂವರೆ. ದೋಣಿಯ ಉದ್ದ ಒಂಬತ್ತು ಅಡಿ ಎಂಟು ಇಂಚು ಎಂದು ನಾನು ಮಾರುವವರಿಗೆ ತಿಳಿಸಿದೆ.

ಅವರು ಒಂದು ಎಳನೀರು ಕೆತ್ತಿ ಮುಗಿಸುವಷ್ಟು ಹೊತ್ತು ಯೋಚಿಸಿದರು.

"ನಾಲ್ಕು ಟ್ರಿಪ್ ಮಾಡಿ" ಎಂದರು.

ತೂಕ

ಕುದ್ರೋಳಿಯಲ್ಲಿ ಬ್ಯಾರಿ ಸಮುದಾಯದ ಒಬ್ಬರ ಕಬ್ಬಿಣದ ಅಂಗಡಿ ಇದೆ. ಅವರು ಹದಿನೆಂಟು ವರ್ಷ ಗಲ್ಫಿನಲ್ಲಿ ಗ್ಯಾರೇಜು ನೋಡಿಕೊಂಡು ಬಂದವರು. ನಾನು ಬಾಗಿಲಲ್ಲಿ ನಿಂತು ಟ್ರೇಲರ್ ಎಂದಾಗ ಟೆಂಪೋ ಎನ್ನದೆ, "ಕೂತುಕೊಳ್ಳಿ" ಎಂದ ಮೊದಲ ಮನುಷ್ಯ ಅವರು.

"ಅಲ್ಲಿ ಎಲ್ಲರ ಹತ್ತಿರವೂ ಉಂಟು ಟೀಚರ್. ಶುಕ್ರವಾರ ಆದರೆ ಸಾಕು, ಬೋಟು ಎಳೆಯುವವರು, ಬೈಕು ಎಳೆಯುವವರು, ಒಂಟೆ ಎಳೆಯುವವರು. ಮೊದಲು ಹೇಳಿ, ದೋಣಿಯ ತೂಕ ಎಷ್ಟು?"

ಉದ್ದ, ಅಗಲ, ಆಳ ಮೂರೂ ನನ್ನಲ್ಲಿತ್ತು. ತೂಕ ಇರಲಿಲ್ಲ. ಇಪ್ಪತ್ತಾರು ವರ್ಷ ಪಾಠ ಮಾಡಿದವಳಿಗೆ ಉತ್ತರ ಗೊತ್ತಿಲ್ಲ ಎನ್ನುವುದು ಕಷ್ಟ. "ಇಬ್ಬರು ಎತ್ತಬಹುದು" ಎಂದೆ.

ಅವರು ಕನ್ನಡಕ ತೆಗೆದರು. "ಯಾವ ಇಬ್ಬರು?"

ಕಾರಿನ ತೂಕ, ದೋಣಿಯ ತೂಕ, ಟ್ರೇಲರಿನ ತೂಕ ಮೂರೂ ಹೊಂದಬೇಕು. ಭಾರ ಹಿಂದೆ ಹೆಚ್ಚಾದರೆ ಟ್ರೇಲರ್ ಬಾಲ ಆಡಿಸುತ್ತದೆ, ಮುಂದೆ ಹೆಚ್ಚಾದರೆ ಕಾರು ಮೂಗು ಎತ್ತುತ್ತದೆ ಎಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಒಳ್ಳೆಯ ಚಿತ್ರ. ನಾನು ಅದನ್ನು ಹತ್ತನೇ ಕ್ಲಾಸಿನಲ್ಲಿ ಬಳಸಿದ್ದೇನೆ.

ದೋಣಿ ತೂಗುವಷ್ಟು ದೊಡ್ಡ ತಕ್ಕಡಿ ಇದ್ದದ್ದು ಭಾವನ ಮೀನಿನ ಶೆಡ್ಡಿನಲ್ಲಿ. ಬೆಳಿಗ್ಗೆ ಎಂಟು ಗಂಟೆಗೆ ತಕ್ಕಡಿಯ ಮೇಲೆ ದೋಣಿ ಕೂತಿತು. ಬುಟ್ಟಿ ಹಿಡಿದ ಹೆಂಗಸರು ಸುತ್ತ ನಿಂತರು.

"ಇದು ಎಂತ ಮೀನು ಟೀಚರ್?" ಎಂದು ಒಬ್ಬಳು ಕೇಳಿದಳು.

"ಕಿಲೋಗೆ ಎಷ್ಟು?" ಎಂದು ಇನ್ನೊಬ್ಬಳು.

"ತಲೆ ಬಾಲ ಕಡಿದು ಕೊಡುವ ಕ್ರಮ ಇಲ್ಲ" ಎಂದರು ಭಾವ.

ಎಂಬತ್ತನಾಲ್ಕು ಕಿಲೋ. ನಾನು ಬರೆದುಕೊಳ್ಳುತ್ತಿರುವಾಗ ಭಾವ ಹತ್ತಿರ ಬಂದರು. ಉರ್ವದಿಂದ ದೋಣಿ ಅಲ್ಲಿಗೆ ಬಂದದ್ದು ಅವರ ಟೆಂಪೋದಲ್ಲಿ. ಬೇರೆ ದಾರಿ ಇರಲಿಲ್ಲ.

"ಟೀಚರೇ, ಇಲ್ಲಿಂದ ನದಿ ಅರ್ಧ ಕಿಲೋಮೀಟರು. ದೋಣಿ ಹೊರಗೆ ಉಂಟು. ಟೆಂಪೋ ನಿಂತಿದೆ. ಎತ್ತಲಿಕ್ಕೆ ಜನ ಉಂಟು. ಈಗಲೇ ಇಳಿಸಿ ಬಿಡುವಾ?"

ನಾನು ಪೆನ್ಸಿಲನ್ನು ಡಬ್ಬಿಯಲ್ಲಿಟ್ಟೆ.

"ಬೇಡ. ಮನೆಗೆ ವಾಪಸ್."

ರಿವರ್ಸ್

ಕುದ್ರೋಳಿಯವರು ಎರಡು ತಿಂಗಳಲ್ಲಿ ಟ್ರೇಲರ್ ಒದಗಿಸಿದರು. ಎಂಟು ಅಡಿ ಉದ್ದ, ಎರಡು ಚಕ್ರ, ಕೆಂಪು ದೀಪ, ನಂಬರ್ ಪ್ಲೇಟು. ಕಾಗದಪತ್ರಗಳನ್ನು ನಾನು ಒಂದು ಫೈಲಿನಲ್ಲಿ ಅನುಕ್ರಮಣಿಕೆ ಸಹಿತ ಇಟ್ಟಿದ್ದೇನೆ. ದೋಣಿ ಹಿಂದಕ್ಕೆ ಇಪ್ಪತ್ತು ಇಂಚು ಚಾಚುತ್ತದೆ, ಅಲ್ಲಿಗೆ ಕೆಂಪು ಬಟ್ಟೆ.

ಮುಂದೆ ಹೋಗುವುದು ಸುಲಭ. ನದಿಗೆ ಇಳಿಸಬೇಕಾದರೆ ಹಿಂದೆ ಹೋಗಬೇಕು. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಸಿಟ್ಟಿನಲ್ಲಿ ಜಾಸ್ತಿ ತಿರುಗಿಸಿದರೆ ಮಡಚಿಕೊಂಡು ಬಂದು ಕಾರಿನ ಮುಖವನ್ನೇ ನೋಡುತ್ತದೆ. ಹೆಡ್‌ಮಾಸ್ಟರ ಅನುಮತಿ ಪಡೆದು ಆರು ಭಾನುವಾರ ಶಾಲೆಯ ಮೈದಾನದಲ್ಲಿ ಅಭ್ಯಾಸ ಮಾಡಿದೆ. ಸುಣ್ಣದಲ್ಲಿ ಎರಡು ಸಮಾನಾಂತರ ರೇಖೆ ಎಳೆದೆ. ಮೊದಲ ದಿನ ಹದಿನೇಳು ಸಲ ರೇಖೆ ದಾಟಿತು. ಆರನೆಯ ಭಾನುವಾರ ಒಂದು ಸಲವೂ ದಾಟಲಿಲ್ಲ.

ವಾಚ್‌ಮನ್ ಆರೂ ವಾರ ಮೆಟ್ಟಿಲ ಮೇಲೆ ಕೂತು ನೋಡಿದ. ಕೊನೆಗೆ ಹೇಳಿದ, "ಎಂತ ಹೇಳ್ತೇವೋ ಅದರ ಉಲ್ಟಾ ಮಾಡ್ತದೆ ಅಲ್ವಾ ಟೀಚರ್. ನಿಮಗೆ ಬೇಗ ಅಭ್ಯಾಸ ಆಯಿತು. ಒಂಬತ್ತನೇ ಬಿ ಕ್ಲಾಸು ನಿಮ್ಮದೇ ಅಲ್ವಾ?"

ನದಿ

ವರ್ಷಾಂತಕ್ಕೆ ಒಂಬತ್ತು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ, ಕಾರು, ಟ್ರೇಲರ್, ದೋಣಿ, ನಾನು ನಾಲ್ವರೂ ನದಿಯಲ್ಲಿ ದೋಣಿ ಇಳಿಸುವ ಕಡವಿಗೆ ಮುಟ್ಟಿದೆವು. ಭಾವ ಮೊದಲೇ ಬಂದು ನಿಂತಿದ್ದರು. ಹೋಟೆಲಿನವರಿಗೆ ಇನ್ನೂ ಬೇಡ ಎಂದು ಹೇಳಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು.

ಮೊಗವೀರರಲ್ಲಿ ಒಂದು ಕ್ರಮ ಇದೆ. ದೋಣಿ ನೀರಿಗೆ ಇಳಿಯುವುದನ್ನು ಕಂಡವರು ಸುಮ್ಮನೆ ನಿಲ್ಲಬಾರದು. ಯಾರ ದೋಣಿಯೇ ಆಗಲಿ, ಬಂದು ಕೈ ಕೊಡಬೇಕು. ಕಡವಿನಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಆರು ಮಂದಿ ಕರೆಯದೆಯೇ ಎದ್ದು, ಲುಂಗಿ ಎತ್ತಿ ಕಟ್ಟಿ ಬಂದರು. ಒಬ್ಬರು ಆಗಲೇ ದೋಣಿಯ ಮೂತಿಯ ಹಗ್ಗಕ್ಕೆ ಕೈ ಹಾಕಿದ್ದರು.

ಅವರು ಕೈ ಕೊಟ್ಟರೆ ಇನ್ನು ಎರಡು ನಿಮಿಷದಲ್ಲಿ ದೋಣಿ ನೀರಿನಲ್ಲಿರುತ್ತದೆ. ಆಗ ಗುಂಡು ಎಂತಕ್ಕೆ, ಆರು ಭಾನುವಾರ ಎಂತಕ್ಕೆ? ನಾನು ಕಿಟಕಿ ಇಳಿಸಿ, ಒಂಬತ್ತನೇ ಬಿ ಕ್ಲಾಸಿನ ಸ್ವರದಲ್ಲಿ ಹೇಳಿದೆ:

"ಯಾರೂ ಮುಟ್ಟಬಾರದು. ನಾನು ಹೇಳುವವರೆಗೆ ಎಲ್ಲರೂ ಕೈ ಕಟ್ಟಿ ಬದಿಯಲ್ಲಿ ನಿಲ್ಲಿ."

ಹಗ್ಗ ಹಿಡಿದವರು ತಟ್ಟನೆ ಬಿಟ್ಟರು. ಆರೂ ಮಂದಿ ಸಾಲಾಗಿ ನಿಂತು ಕೈ ಕಟ್ಟಿದರು. ಏಳನೆಯವರಾಗಿ ಭಾವ.

ಡ್ಯಾಶ್‌ಬೋರ್ಡಿಗೆ ಅಂಟಿಸಿದ ರಟ್ಟಿನಲ್ಲಿ ನನ್ನ ಪಟ್ಟಿ ಇತ್ತು, ಇಪ್ಪತ್ತಮೂರು ಅಂಶ. ಇಪ್ಪತ್ತೊಂದು, ದೋಣಿಯನ್ನು ಟ್ರೇಲರಿಗೆ ಕಟ್ಟಿದ ಬೆಲ್ಟುಗಳನ್ನು ಬಿಚ್ಚುವುದು. ಬಿಚ್ಚಿ ಬಂದು ಕೂತೆ. ಇಪ್ಪತ್ತೆರಡು, ನೇರವಾಗಿ ಹಿಂದೆ ಹೋಗಿ ಟ್ರೇಲರಿನ ಚಕ್ರ ಮುಳುಗಿದಾಗ ನಿಲ್ಲಿಸುವುದು. ಹೋದೆ. ಸುಣ್ಣದ ಗೆರೆ ಇದ್ದಿದ್ದರೆ ಒಂದು ಇಂಚೂ ದಾಟುತ್ತಿರಲಿಲ್ಲ. ಚಕ್ರ ಮುಳುಗಿತು. ನಿಲ್ಲಿಸಿದೆ. ಹೊರಗೆ ಯಾರೋ "ಹಾಂ" ಎಂದರು.

ನಾನು ಕನ್ನಡಿ ನೋಡಿದೆ. ಕನ್ನಡಿಯ ತುಂಬ ದೋಣಿ ಇತ್ತು. ಆಮೇಲೆ ಮುಕ್ಕಾಲು ಕನ್ನಡಿ. ಆಮೇಲೆ ಅರ್ಧ. ಕಡಲಿನ ಇಳಿತದ ಹೊತ್ತು. ದೋಣಿ ಟ್ರೇಲರಿನಿಂದ ಮೆಲ್ಲಗೆ ತೇಲಿ, ಮೂತಿ ತಿರುಗಿಸಿ, ಹಗ್ಗವನ್ನು ನೀರಿನಲ್ಲಿ ಎಳೆಯುತ್ತಾ, ನದಿ ಕಡಲು ಸೇರುವ ಅಳಿವೆಯ ಕಡೆಗೆ ಹೊರಟಿತ್ತು. ಟ್ರೇಲರಿನ ಬಗ್ಗೆ ಇಪ್ಪತ್ತಮೂರು ಅಂಶ ಬರೆದಿದ್ದೆ. ದೋಣಿಯ ಹಗ್ಗ ಯಾರು ಹಿಡಿಯಬೇಕೆಂದು ಬರೆದಿರಲಿಲ್ಲ.

"ಹಗ್ಗ ಹಿಡಿಯಲಿಲ್ಲವಾ?" ಎಂದು ಕೇಳಿದೆ.

ನಡೆಯಲು ಕಲಿತಂದಿನಿಂದ ಹಗ್ಗ ಹಿಡಿದ ಆರು ಮಂದಿ, ಕೈ ಕಟ್ಟಿಕೊಂಡೇ ನನ್ನನ್ನು ನೋಡಿದರು. ಅವರಲ್ಲಿ ಹಿರಿಯರು ಹೇಳಿದರು, "ನೀವು ಇನ್ನೂ ಹೇಳಲಿಲ್ಲ ಟೀಚರ್."

"ಹೋಗಿ ಹಿಡಿಯಿರಿ" ಎಂದೆ. ಆಗ ಇಬ್ಬರು ತಮ್ಮ ದೋಣಿ ನೂಕಿ ಹೊರಟರು.

ಭಾವ ಮಾತ್ರ ನಿಂತಲ್ಲಿಂದ ಅಲುಗಲಿಲ್ಲ. ಸಣ್ಣದಾಗುತ್ತಿದ್ದ ದೋಣಿಯನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ಕಾರಿನ ಕಿಟಕಿಗೆ ಬಂದು ಬಗ್ಗಿದರು.

"ಹೋಟೆಲಿನವರಿಗೆ ಬೇರೆ ಕಡೆ ನೋಡಲಿಕ್ಕೆ ಹೇಳ್ತೇನೆ. ಇದು ಅವನದ್ದೇ ದೋಣಿ, ಸಂಶಯ ಇಲ್ಲ. ಹೇಳದೆ ಹೊರಟಿತು ನೋಡು."

ಇಪ್ಪತ್ತಮೂರನೆಯ ಅಂಶ, ಹ್ಯಾಂಡ್‌ಬ್ರೇಕ್. ಹಾಕಿದೆ. ಎರಡು ಸಲ ಎಳೆದು ನೋಡಿ, ಸರಿಯಾಗಿದೆ ಎಂದು ಗುರುತು ಹಾಕಿ, ಆಮೇಲೆ ನಕ್ಕೆ.