ಗೌಡರ ಕುದುರೆ ಮತ್ತು ಮಿಂದ ಮದುಮಗ

ಕುದುರೆ ಪಳಗಿಸುವವನ ಹಣೆಬರಹವೇ ವಿಚಿತ್ರ. ಕುದುರೆ ನೆಟ್ಟಗೆ ನಡೆದರೆ ಜನ ಕುದುರೆಯನ್ನು ಹೊಗಳುತ್ತಾರೆ, ಒದ್ದರೆ ಪಳಗಿಸಿದವನನ್ನು ಹುಡುಕಿಕೊಂಡು ಬರುತ್ತಾರೆ. ಬಡಿಗನಿಗೆ ಈ ತಾಪತ್ರಯವಿಲ್ಲ. ಅವನು ಮಾಡಿದ ಬಾಗಿಲು ಯಾರನ್ನೂ ಕಚ್ಚುವುದಿಲ್ಲ. ಇದೆಲ್ಲ ಮೊದಲೇ ತಿಳಿದಿದ್ದರೆ ನಾನೂ ನಮ್ಮೂರು ದುಂಡಸಿಯಲ್ಲೇ ಉಳಿದು, ಅಪ್ಪನ ಆಸೆಯಂತೆ ಮುಲ್ಕಿ ಪರೀಕ್ಷೆ ಪಾಸು ಮಾಡಿ ಸಾಲಿ ಮಾಸ್ತರನಾಗುತ್ತಿದ್ದೆ. ಆದರೆ ನನಗೆ ಸಣ್ಣಂದಿನಿಂದ ಕುದುರೆಯ ಹುಚ್ಚು. ಬೆಲ್ಲ ತರಲು ಶಿಗ್ಗಾವಿ ಸಂತೆಗೆ ಕಳಿಸಿದರೆ ಟಾಂಗಾ ನಿಲ್ಲುವಲ್ಲಿ ಸಂಜೆಯವರೆಗೆ ನಿಂತು, ಬೆಲ್ಲವನ್ನೆಲ್ಲ ಕುದುರೆಗಳಿಗೆ ತಿನ್ನಿಸಿ ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ. ಕೊನೆಗೊಂದು ದಿನ ಅಪ್ಪ ಬೇಸತ್ತು, "ಹೋಗಲೇ, ಹೋಗಿ ಲದ್ದಿ ಬಳಿ. ನಿನಗ ಹೆಣ್ಣ ಯಾರು ಕೊಡ್ತಾರ ನೋಡೂಣು" ಎಂದ. ಅದನ್ನೇ ಆಶೀರ್ವಾದವೆಂದು ತಿಳಿದು ನಾನು ಸವಣೂರಿನ ಹಾದಿ ಹಿಡಿದೆ.

ಸವಣೂರಿನಲ್ಲಿ ಆಗ ನವಾಬರ ಆಳಿಕೆ, ಕುದುರೆಗಳಿಗೆ ಬರವಿರಲಿಲ್ಲ. ಅಲ್ಲಿ ಖಾದರಸಾಬರೆಂಬ ಉಸ್ತಾದರು ಟಾಂಗಾ ಕುದುರೆಗಳನ್ನೂ ಮದುವೆ ಕುದುರೆಗಳನ್ನೂ ಪಳಗಿಸುತ್ತಿದ್ದರು. "ನೋಡು ಬೇಟಾ, ಹೊಡದ್ರ ಕುದರಿ ಅಂಜತದ, ಕಲಿಯೂದಿಲ್ಲ. ಅದರ ಸಂಗಾಟ ಉಣ್ಣು, ಮಲಗು, ನಡಿ. ತಾನ ನಿನ್ನ ಮಾತ ಕೇಳತದ" ಎಂದು ಮೊದಲ ದಿನವೇ ಹೇಳಿಕೊಟ್ಟರು. ನಾನು ಶ್ರದ್ಧೆಯಿಂದ ಹಾಗೆಯೇ ಮಾಡಿದೆ. ಎಷ್ಟು ಶ್ರದ್ಧೆಯೆಂದರೆ, ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ಮೂಗು ಮುಚ್ಚಿಕೊಂಡು ಊಟದ ತಾಟನ್ನು ಅಂಗಳಕ್ಕೇ ತಂದಿಡುತ್ತಿದ್ದಳು.

ಅಪ್ಪನ ಬಾಯಿಹರಕೆ ಫಲಿಸಿತ್ತು. ಹೆಣ್ಣು ಕೊಡುವವರು ಯಾರೂ ಸಿಗಲಿಲ್ಲ. ಕಡೆಗೆ ಸೋದರಮಾವ ಹಾನಗಲ್ಲ ಕಡೆಯ ಗೌಡರೊಬ್ಬರ ಮಗಳನ್ನು ನೋಡಲು ಕರೆದುಕೊಂಡು ಹೋದ. ಹುಡುಗಿ ಪಾರ್ವತಿ ಚಹಾ ಕೊಟ್ಟು ಒಳಗೆ ಹೋದಳು, ಅಷ್ಟೇ. ನನಗೆ ಅವತ್ತಿನಿಂದ ಊಟ ಸೇರದಾಯಿತು. ಗೌಡರಿಗೆ ಮಾತ್ರ ನಾನು ಸೇರಲಿಲ್ಲ. ಅವರ ಹಟ್ಟಿಯಲ್ಲಿ ಗುಲಾಬಿ ಎಂಬ ಬಿಳಿ ಹೆಣ್ಣುಕುದುರೆಯಿತ್ತು. ಹತ್ತಲು ಹೋದವರನ್ನೆಲ್ಲ ಅದು ತಿಪ್ಪೆಗೆ ಕೆಡವಿತ್ತು, ಗೌಡರನ್ನೂ ಬಿಟ್ಟಿರಲಿಲ್ಲ. "ಇದನ್ನ ಪಳಗಸ್ರಿ. ಮದವಿ ದಿನ ಇದರ ಮ್ಯಾಲ ಕುಂತು ನಮ್ಮ ಹಂದರಕ್ಕ ಬಂದ್ರ ಮಗಳು ನಿಮ್ಮಾಕಿ. ನಡಕೊಂತ ಬಂದ್ರ ನಡಕೊಂತನ ಊರಿಗೆ ಹೋಗೂದು" ಎಂದರು.

ಗುಲಾಬಿಯನ್ನು ಸವಣೂರಿಗೆ ತಂದೆ. ಮದುವೆಯಲ್ಲಿ ಏನೇನು ಎದುರಾದೀತೋ ಅದನ್ನೆಲ್ಲ ಕಲಿಸಿದೆ. ಕಿವಿಯ ಹತ್ತಿರ ಹಲಗೆ ಬಾರಿಸಿದೆ, ಪಟಾಕಿ ಹಾರಿಸಿದೆ, ಕೊಡೆ ಬಿಚ್ಚಿದೆ. ಹೆಣ್ಣುಮಕ್ಕಳು ಹಾಡುತ್ತಾರಲ್ಲ ಎಂದು ಸೋಬಾನೆ ಪದವನ್ನೂ ನಾನೇ ಹಾಡಿದೆ. ಓಣಿಯವರು ಕಿಟಕಿ ಮುಚ್ಚಿಕೊಂಡರು, ಗುಲಾಬಿ ಮಾತ್ರ ಕದಲಲಿಲ್ಲ. ಕೊನೆಕೊನೆಗೆ ಅದು ಕರುವಿನಂತೆ ನನ್ನ ಹಿಂದೆ ಬರುತ್ತಿತ್ತು.

ಮದುವೆಯ ಬೆಳಿಗ್ಗೆ ಅತ್ತೆಯರೂ ಅಕ್ಕಂದಿರೂ ಸೇರಿ ನನಗೆ ಅರಿಶಿನ ಹಚ್ಚಿ, ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಉಜ್ಜಿದರು. ಎಷ್ಟೋ ವರ್ಷಗಳ ಲಾಯ ಅವತ್ತು ಬಚ್ಚಲು ಸೇರಿತು. ಉಸ್ತಾದರು ಪ್ರೀತಿಯಿಂದ ತಂದಿದ್ದ ಅತ್ತರು ಪೂಸಿದರು. ರೇಷ್ಮೆ ರುಮಾಲು ಸುತ್ತಿ, ಹಣೆಗೆ ಬಾಸಿಂಗ ಕಟ್ಟಿ, ಮುಖದ ತುಂಬ ಮಲ್ಲಿಗೆ ದಂಡೆ ಇಳಿಬಿಟ್ಟರು. ಗೌಡರ ಊರ ಮುಂದಿನ ಗುಡಿಯ ಹತ್ತಿರ ಗುಲಾಬಿ ನಿಂತಿತ್ತು. ನಾನು ಗತ್ತಿನಿಂದ ಹತ್ತಿರ ಹೋದೆ. ಅದು ಮೂಸಿ ನೋಡಿತು, ಕಿವಿ ಹಿಂದಕ್ಕೆ ಮಲಗಿಸಿ ಒಂದು ಒದೆ ಕೊಟ್ಟಿತು.

ಹಲಗೆ ಕಲಿಸಿದ್ದೆ, ಪಟಾಕಿ ಕಲಿಸಿದ್ದೆ. ಸ್ನಾನ ಮಾಡಿದ ನನ್ನನ್ನು ಒಂದು ದಿನವೂ ತೋರಿಸಿರಲಿಲ್ಲ. ಹೆಸರು ಹಿಡಿದು ಕರೆದೆ, ಹಲಗೆಯ ಸದ್ದಿನಲ್ಲಿ ಅದಕ್ಕೆ ಕೇಳಿಸಲಿಲ್ಲ. ಮತ್ತೆ ಹತ್ತಿರ ಹೋದೆ, ಮತ್ತೆ ಒದೆಯಿತು. ಗೌಡರು ಮೀಸೆಯ ಮೇಲೆ ಕೈಯಾಡಿಸುತ್ತ, "ನಡಕೊಂತ ಬರ್ತೀರೇನ್ರಿ?" ಎಂದರು. ಬಾಸಿಂಗದೊಳಗೆ ನನಗೆ ನಿಜವಾಗಿಯೂ ಅಳು ಬಂದಿತ್ತು. ಆಗ ಉಸ್ತಾದರು ಹಣೆ ಚಚ್ಚಿಕೊಂಡು ನಾವು ಬಂದಿದ್ದ ಬಂಡಿಯ ಕಡೆಗೆ ಓಡಿದರು. ಹಗಲು ಗುಲಾಬಿಯ ಬೆನ್ನಿಗೆ ಹಾಸಿ, ರಾತ್ರಿ ನಾನು ಹೊದ್ದುಕೊಳ್ಳುತ್ತಿದ್ದ ಹಳೆಯ ಕಂಬಳಿ ಅದರಲ್ಲಿತ್ತು. ಅದನ್ನು ತಂದು ರೇಷ್ಮೆ ಅಂಗಿಯ ಮೇಲೆ ತಲೆತುಂಬ ಹೊದಿಸಿ, "ಈಗ ಹೋಗು ಬೇಟಾ" ಎಂದರು. ಗುಲಾಬಿ ಮೂಸಿತು, ನಿಟ್ಟುಸಿರು ಬಿಟ್ಟಿತು, ಹತ್ತಲು ಬೆನ್ನು ಕೊಟ್ಟಿತು. ಅತ್ತರನ್ನು ಸೋಲಿಸುವ ಆ ವಾಸನೆಯಲ್ಲೇ ನಾನು ಹಂದರ ಸೇರಿದೆ. ಗೌಡರು ಮಾತಿಗೆ ತಪ್ಪಲಿಲ್ಲ. ಪಾರ್ವತಿ ಮಾತ್ರ ಅಕ್ಕಿಕಾಳು ಬೀಳುವವರೆಗೂ ಮೂಗಿನಿಂದ ಸೆರಗು ತೆಗೆಯಲಿಲ್ಲ.

ಇಷ್ಟಾದ ಮೇಲೆ ನನ್ನ ಹೆಸರು ನಾಕೂ ತಾಲೂಕಿಗೆ ಹಬ್ಬಿತೆಂದೇ ನಂಬಿದ್ದೆ. ಸ್ವಲ್ಪ ದಿನಕ್ಕೆ ಹಿರೇಕೆರೂರು ಕಡೆಯ ಸಾಹುಕಾರರೊಬ್ಬರು ಮನೆ ಹುಡುಕಿಕೊಂಡು ಬಂದರು. ಅವರ ಕುದುರೆ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲವಂತೆ. ನಾನು ರುಮಾಲು ಸುತ್ತಿಕೊಂಡು ಹೊರಡಲು ಎದ್ದೆ.

"ಕುಂತ್ಕೋರಿ, ನೀವ್ಯಾಕ ತ್ರಾಸ ತಗೋತೀರಿ?" ಎಂದರು ಸಾಹುಕಾರರು. "ಆ ಕಂಬಳಿ ಒಂದಿಷ್ಟ ಕೊಡ್ರಿ, ಸಾಕು."

ನಾನು ಸುತ್ತಿದ ರುಮಾಲು ಬಿಚ್ಚುವುದರೊಳಗೆ ಪಾರ್ವತಿ ಅದನ್ನು ಮಡಚಿ ತಂದು ಅವರ ಕೈಗಿಟ್ಟು, "ತಿರುಗಿ ಕೊಡೂದೇನ ಬ್ಯಾಡ್ರಿ" ಎಂದಳು.